ಚಿಕಿತ್ಸೆಯ ಬೆಳಕು ದೇಹದೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ: ಹಂತ ಹಂತವಾಗಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಲೇಸರ್ ಯಂತ್ರದ ಪರದೆಯ ಮೇಲೆ ಕಾಣುವ ಸಂಖ್ಯೆ, ಯಂತ್ರದಿಂದ ಹೊರಬಿದ್ದ ಬೆಳಕು ಎಷ್ಟು ಎಂಬುದನ್ನು ಮಾತ್ರ ತಿಳಿಸುತ್ತದೆ. ಚರ್ಮದಿಂದ ಎರಡು ಮಿಲಿಮೀಟರ್ ಕೆಳಗಿರುವ ರಕ್ತನಾಳಕ್ಕೆ ಅಥವಾ ಒಂದು ಸೆಂಟಿಮೀಟರ್ ಕೆಳಗಿರುವ ಗಡ್ಡೆಗೆ ಅದರಲ್ಲಿ ಎಷ್ಟು ಪಾಲು ತಲುಪಿತು ಎಂಬುದನ್ನು ನಿರ್ಧರಿಸುವುದು ನಡುವಿನ ಅಂಗಾಂಶ. ಈ ಎರಡರ ವ್ಯತ್ಯಾಸವನ್ನು ಮರೆತರೆ ಚಿಕಿತ್ಸೆ ಫಲಿಸದೇ ಹೋಗಬಹುದು, ಇಲ್ಲವೇ ಚರ್ಮ ಸುಡಬಹುದು.

ಪುಣೆಯಲ್ಲಿ ನನ್ನ ಬಳಿ ಈ ವಿಷಯ ಕೇಳಿಕೊಂಡು ಬರುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ನರ್ಸಿಂಗ್, ಫಿಸಿಯೋಥೆರಪಿ, ಬಯೋಮೆಡಿಕಲ್ ಎಂಜಿನಿಯರಿಂಗ್ ಓದಲು ಬಂದ ಕನ್ನಡದ ವಿದ್ಯಾರ್ಥಿಗಳೇ ಹೆಚ್ಚು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಈ ಲೆಕ್ಕ ಕೈಗೆಟುಕದ್ದೇನಲ್ಲ. ಶಾಲೆಯ ಭೌತಶಾಸ್ತ್ರ, ವರ್ಗಮೂಲ ಮತ್ತು ಲಾಗರಿದಮ್ ಇರುವ ಒಂದು ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್ ಇದ್ದರೆ ಸಾಕು. ಇಲ್ಲಿ ಹೇಳಿದ ಕ್ರಮ ಬೆಳಕು ಹೇಗೆ ವರ್ತಿಸುತ್ತದೆ ಎಂದು ಅರಿಯಲು ಮತ್ತು ಅಂದಾಜು ಕಟ್ಟಲು ಇರುವಂಥದ್ದು. ರೋಗಿಗೆ ಕೊಡುವ ಡೋಸನ್ನು ತೀರ್ಮಾನಿಸಬೇಕಾದವರು ಚಿಕಿತ್ಸೆ ಮಾಡುವ ವೈದ್ಯರೇ.

ಹಂತ 1: ಗುರಿ ಯಾವುದು, ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳಿ

ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಮೂರು ವಿಷಯ ಇರಲಿ: ಬೆಳಕನ್ನು ಹೀರಬೇಕಾದ ವಸ್ತು ಯಾವುದು, ಅದು ಎಷ್ಟು ಆಳದಲ್ಲಿದೆ, ಹೀರಿದ ಮೇಲೆ ಅಲ್ಲಿ ಶಾಖ ಬೇಕೋ ರಾಸಾಯನಿಕ ಬದಲಾವಣೆ ಬೇಕೋ. ನವಜಾತ ಶಿಶುವಿನ ಕಾಮಾಲೆಯಲ್ಲಿ ಗುರಿ ಬಿಲಿರುಬಿನ್, ಆಳ ಚರ್ಮದ ಮೇಲಿನ ಒಂದು ಮಿಲಿಮೀಟರಿನೊಳಗೆ, ಬೇಕಾದದ್ದು ರಾಸಾಯನಿಕ ಬದಲಾವಣೆ. ಹುಟ್ಟಿನಿಂದ ಬಂದ ಕೆಂಪು ಮಚ್ಚೆಯಲ್ಲಿ ಗುರಿ ಸಣ್ಣ ರಕ್ತನಾಳಗಳೊಳಗಿನ ಹಿಮೋಗ್ಲೋಬಿನ್, ಬೇಕಾದದ್ದು ಶಾಖ. ತೊನ್ನಿಗೆ ಕೊಡುವ 311 ನ್ಯಾನೊಮೀಟರಿನ ಅತಿನೇರಳೆ ಬೆಳಕಿನ ಗುರಿ ಮೇಲ್ಚರ್ಮದಲ್ಲೂ ಅದರ ತಕ್ಷಣದ ಕೆಳಗೂ ಇರುವ ಜೀವಕೋಶಗಳು. ಈ ಸಾಲನ್ನು ಬರೆಯದೆ ಮುಂದಿನ ಲೆಕ್ಕಕ್ಕೆ ಇಳಿದವರು ಕೊನೆಯಲ್ಲಿ ಸಿಕ್ಕ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸಬೇಕು ಎಂದು ತಿಳಿಯದೆ ನಿಲ್ಲುತ್ತಾರೆ.

ಹಂತ 2: ತರಂಗಾಂತರವನ್ನು ಆರಿಸಿ

ದೇಹದಲ್ಲಿ ಬೆಳಕನ್ನು ಹೀರುವ ಮುಖ್ಯ ವಸ್ತುಗಳು ಬೆರಳೆಣಿಕೆಯಷ್ಟೇ. ಮೇಲ್ಚರ್ಮದಲ್ಲಿ ಮೆಲನಿನ್, ಒಳಚರ್ಮದಿಂದ ಕೆಳಗೆ ರಕ್ತದ ಹಿಮೋಗ್ಲೋಬಿನ್, ಎಲ್ಲೆಡೆಯೂ ನೀರು, ಕೆಲವು ಕಡೆ ಕೊಬ್ಬು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 415 ನ್ಯಾನೊಮೀಟರಿನ ನೇರಳೆ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ. 542 ಮತ್ತು 577ರ ಹಸಿರು-ಹಳದಿ ಬೆಳಕಿಗೆ ಇನ್ನೆರಡು ಶಿಖರಗಳಿವೆ. 600 ದಾಟಿದ ಕೂಡಲೇ ಹೀರಿಕೆ ತಟ್ಟನೆ ಕುಸಿಯುತ್ತದೆ. ನೀರು ಇದಕ್ಕೆ ವಿರುದ್ಧ. ಕಣ್ಣಿಗೆ ಕಾಣುವ ಬೆಳಕಿಗೆ ಅದು ಹೆಚ್ಚುಕಡಿಮೆ ಪಾರದರ್ಶಕ, ಆದರೆ ಅವಕೆಂಪಿನೊಳಗೆ ಮುಂದೆ ಹೋದಂತೆ ಬೆಳಕನ್ನು ತಡೆಯುವ ಗೋಡೆಯಾಗುತ್ತದೆ. ರಕ್ತವೂ ನೀರೂ ಎರಡೂ ಹೆಚ್ಚು ಹೀರದ ಸುಮಾರು 650ರಿಂದ 950 ನ್ಯಾನೊಮೀಟರಿನ ಪಟ್ಟಿಯಲ್ಲಿ ಬೆಳಕು ಅತಿ ಆಳಕ್ಕೆ ಇಳಿಯುತ್ತದೆ. ಮೊಬೈಲಿನ ಟಾರ್ಚಿನ ಮೇಲೆ ಬೆರಳಿಟ್ಟರೆ ಉಗುರಿನ ಕಡೆ ಕೆಂಪು ಮಾತ್ರ ಹೊಳೆಯುವುದು ಇದರಿಂದಲೇ. ಬಿಳಿ ಬೆಳಕಿನ ನೀಲಿ, ಹಸಿರು ಭಾಗಗಳನ್ನು ರಕ್ತ ದಾರಿಯಲ್ಲಿಯೇ ಹೀರಿಬಿಟ್ಟಿರುತ್ತದೆ.

ಆಳಕ್ಕೆ ಇಳಿಯುವುದೇ ಯಾವಾಗಲೂ ಒಳ್ಳೆಯದು ಎಂದು ತಿಳಿಯಬಾರದು. ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವ ಇಂಗಾಲದ ಡೈಆಕ್ಸೈಡ್ ಲೇಸರಿನ 10.6 ಮೈಕ್ರೊಮೀಟರ್ ಬೆಳಕನ್ನು ಅಂಗಾಂಶದ ನೀರು ಮಿಲಿಮೀಟರಿನ ನೂರನೇ ಒಂದೆರಡು ಪಾಲಿನೊಳಗೆ ಹೀರಿ ಮುಗಿಸುತ್ತದೆ. ಕೆಳಗಿನ ಪದರಕ್ಕೆ ಹಾನಿಯಾಗದಂತೆ ಕತ್ತರಿಸಲು ಸಾಧ್ಯವಾಗುವುದು ಇದರಿಂದ. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದ ಸಿ. ಕುಮಾರ್ ಎನ್. ಪಟೇಲ್ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹುಟ್ಟಿ, ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಶಿವಾಜಿನಗರದ ಆ ಕಾಲೇಜಿನ ಮುಂದೆ ಹಾದುಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಈ ಸಂಗತಿ ತಿಳಿದಿರಬೇಕು ಎಂಬುದು ನನ್ನ ಆಸೆ. ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡುವ ಹೋಲ್ಮಿಯಂ ಲೇಸರಿನ 2100 ನ್ಯಾನೊಮೀಟರ್ ಬೆಳಕು ನೀರಿನಲ್ಲಿ ಸುಮಾರು 0.4 ಮಿಲಿಮೀಟರ್ ಹೋಗುತ್ತದೆ. ಕಲ್ಲಿನ ಸುತ್ತಲಿನ ಮೃದು ಗೋಡೆಗೆ ಅಪಾಯ ಕಡಿಮೆಯಾಗಲು ಅದೂ ಒಂದು ಕಾರಣ.

ತರಂಗಾಂತರವನ್ನು ಬದಲಿಸಲು ಆಗದಿದ್ದಾಗ ಅಂಗಾಂಶವನ್ನೇ ಬದಲಿಸಬಹುದು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದು 1903ರ ನೊಬೆಲ್ ಪಡೆದ ನೀಲ್ಸ್ ಫಿನ್ಸೆನ್, ನೀರು ಹರಿಯುವ ಸ್ಫಟಿಕದ ಮಸೂರವನ್ನು ಚರ್ಮದ ಮೇಲೆ ಗಟ್ಟಿಯಾಗಿ ಒತ್ತಿಸುತ್ತಿದ್ದರು. ಒತ್ತಿದ ಕಡೆ ರಕ್ತ ಪಕ್ಕಕ್ಕೆ ಸರಿದು ಚರ್ಮ ಬಿಳಿಚುತ್ತದೆ, ನೀಲಿ ಮತ್ತು ಅತಿನೇರಳೆ ಬೆಳಕು ಮೊದಲಿಗಿಂತ ಕೆಳಗೆ ತಲುಪುತ್ತದೆ. ಇಂದಿಗೂ ಕೆಲವು ಲೇಸರ್ ಚಿಕಿತ್ಸೆಗಳಲ್ಲಿ ಗಾಜಿನ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿಯುವುದು ಇದೇ ತತ್ತ್ವದ ಮೇಲೆ.

ಹಂತ 3: ಯಂತ್ರದ ಸಂಖ್ಯೆಯನ್ನು ಚರ್ಮದ ಮೇಲಿನ ಸಂಖ್ಯೆಯಾಗಿಸಿ

ಇದು ಸುಲಭದ ಹಂತ, ಆದರೆ ತಪ್ಪುಗಳು ಹೆಚ್ಚು ನುಸುಳುವುದು ಇಲ್ಲಿಯೇ. ಸಾಮರ್ಥ್ಯವನ್ನು ಬೆಳಕು ಬಿದ್ದ ವಿಸ್ತೀರ್ಣದಿಂದ ಭಾಗಿಸಿದರೆ ತೀವ್ರತೆ. ತೀವ್ರತೆಯನ್ನು ಸೆಕೆಂಡುಗಳಿಂದ ಗುಣಿಸಿದರೆ ಡೋಸ್, ಕ್ಲಿನಿಕ್ಕುಗಳಲ್ಲಿ ಹೇಳುವ ಫ್ಲೂಯೆನ್ಸ್. 100 ಮಿಲಿವ್ಯಾಟ್ ಬೆಳಕು 1 ಚದರ ಸೆಂಟಿಮೀಟರಿನ ಮೇಲೆ 60 ಸೆಕೆಂಡ್ ಬಿದ್ದರೆ ಡೋಸ್ ಪ್ರತಿ ಚದರ ಸೆಂಟಿಮೀಟರಿಗೆ 6 ಜೂಲ್. ಅದೇ ಬೆಳಕನ್ನು 5 ಮಿಲಿಮೀಟರ್ ವ್ಯಾಸದ ವೃತ್ತಕ್ಕೆ ಕೂಡಿಸಿದರೆ ವಿಸ್ತೀರ್ಣ 0.196 ಚದರ ಸೆಂಟಿಮೀಟರಿಗೆ ಇಳಿಯುತ್ತದೆ, ಡೋಸ್ ಐದು ಪಟ್ಟು ಏರಿ 30 ಜೂಲ್ ದಾಟುತ್ತದೆ. ವೃತ್ತದ ವಿಸ್ತೀರ್ಣ ಕಟ್ಟುವಾಗ ತ್ರಿಜ್ಯದ ಜಾಗದಲ್ಲಿ ವ್ಯಾಸವನ್ನು ಹಾಕಿದರೆ ಉತ್ತರ ನಾಲ್ಕು ಪಟ್ಟು ತಪ್ಪುತ್ತದೆ.

ಹಂತ 4: ಮೇಲ್ಮೈಯಲ್ಲಿ ಕಳೆದುಹೋಗುವುದನ್ನು ಕಳೆಯಿರಿ

ಚರ್ಮದ ವಕ್ರೀಭವನ ಸೂಚ್ಯಂಕ ಸುಮಾರು 1.4. ಗಾಳಿಯಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಪ್ರತಿಫಲನವಾಗುವ ಪಾಲು 0.4ನ್ನು 2.4ರಿಂದ ಭಾಗಿಸಿ ಬಂದದ್ದರ ವರ್ಗ, ಎಂದರೆ ಶೇ. 2.8. ಇದು ಚಿಕ್ಕ ನಷ್ಟ.

ದೊಡ್ಡ ನಷ್ಟ ಮೆಲನಿನ್‌ನಿಂದ, ಮತ್ತು ನಮ್ಮ ದೇಶದ ಚರ್ಮಕ್ಕೆ ಇದು ತೀರ ಮುಖ್ಯ. ಬೆಳಕಿನ ತರಂಗಾಂತರ ಹೆಚ್ಚಿದಂತೆ ಮೆಲನಿನ್‌ನ ಹೀರಿಕೆ ಬೇಗ ಇಳಿಯುತ್ತದೆ. ತರಂಗಾಂತರ ಎರಡು ಪಟ್ಟಾದರೆ ಹೀರಿಕೆ ಸುಮಾರು ಹತ್ತನೇ ಒಂದಾಗುತ್ತದೆ. ಮೆಲನಿನ್ ತುಂಬಿದ ಕಣದೊಳಗೆ 532 ನ್ಯಾನೊಮೀಟರಿನ ಹಸಿರು ಬೆಳಕಿನ ಹೀರಿಕೆ ಪ್ರತಿ ಮಿಲಿಮೀಟರಿಗೆ ಸುಮಾರು 55, 1064ರ ಅವಕೆಂಪು ಬೆಳಕಿನದು ಸುಮಾರು 5.5. ಮೇಲ್ಚರ್ಮದ ದಪ್ಪ 0.06 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಗೋಧಿ ಬಣ್ಣದ ಚರ್ಮದಲ್ಲಿ ಆ ಕಣಗಳು ಮೇಲ್ಚರ್ಮದ ಶೇ. 12ರಷ್ಟು ಜಾಗ ತುಂಬಿವೆ ಎಂದು ಭಾವಿಸಿದರೆ, ಹಸಿರಿಗೆ 55ನ್ನು 0.12ರಿಂದಲೂ 0.06ರಿಂದಲೂ ಗುಣಿಸಿದಾಗ 0.4 ಬರುತ್ತದೆ. ಇದನ್ನು ಋಣ ಘಾತವಾಗಿ ‘ಇ’ಗೆ (ಸಹಜ ಲಾಗರಿದಮ್ಮಿನ ಆಧಾರ ಸಂಖ್ಯೆ, ಸುಮಾರು 2.718) ಏರಿಸಿದರೆ 0.67, ಎಂದರೆ ಮೂರನೇ ಒಂದು ಪಾಲು ಬೆಳಕು ಕೂದಲೆಳೆಯಷ್ಟು ದಪ್ಪದ ಆ ಪದರದಲ್ಲಿಯೇ ಶಾಖವಾಗುತ್ತದೆ. ಕಪ್ಪು ಚರ್ಮಕ್ಕೆ ಶೇ. 30 ಎಂದು ಹಾಕಿದರೆ ಉಳಿಯುವುದು ಶೇ. 37 ಮಾತ್ರ. ಅದೇ ಕಪ್ಪು ಚರ್ಮದಲ್ಲಿ 1064ರ ಬೆಳಕಿನ ಶೇ. 90ರಷ್ಟು ದಾಟಿಹೋಗುತ್ತದೆ. ಕೂದಲು ತೆಗೆಸಲು ಬರುವ ಕಪ್ಪು ಮೈಬಣ್ಣದವರಿಗೆ 1064ರ ಲೇಸರನ್ನು ಆರಿಸಿ, ಚರ್ಮವನ್ನು ತಣ್ಣಗಿಡುವುದು ಏಕೆ ಎಂಬುದಕ್ಕೆ ಈ ಗುಣಾಕಾರಕ್ಕಿಂತ ಸ್ಪಷ್ಟ ಉತ್ತರ ಇಲ್ಲ. ಬಿಳಿಯ ಚರ್ಮಕ್ಕೆಂದು ಸಿದ್ಧಪಡಿಸಿದ ಡೋಸ್ ಪಟ್ಟಿಯನ್ನು ನಮ್ಮವರ ಮೇಲೆ ಹಾಗೆಯೇ ಬಳಸಬಾರದು ಎಂದು ನಾನು ಪ್ರತಿ ತರಗತಿಯಲ್ಲೂ ಒತ್ತಿ ಹೇಳುತ್ತೇನೆ.

ಅಳತೆಯ ಉಪಕರಣಗಳಿಗೂ ಇದು ಅನ್ವಯಿಸುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 660 ಮತ್ತು 940 ನ್ಯಾನೊಮೀಟರಿನ ಎರಡು ಬೆಳಕುಗಳನ್ನು ಹೋಲಿಸುತ್ತದೆ. 660ರಲ್ಲಿ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಹತ್ತು ಪಟ್ಟು ಹೆಚ್ಚು ಹೀರುತ್ತದೆ. ಕಪ್ಪು ಚರ್ಮದ ರೋಗಿಗಳಲ್ಲಿ ಈ ಉಪಕರಣ ಆಮ್ಲಜನಕದ ಕೊರತೆಯನ್ನು ಸುಮಾರು ಮೂರು ಪಟ್ಟು ಹೆಚ್ಚಾಗಿ ಕಾಣದೆ ಬಿಡುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು.

ಹಂತ 5: ಚದುರುವಿಕೆಯನ್ನು ಕಣ್ಣಾರೆ ನೋಡಿ

ಇಲ್ಲಿಯವರೆಗಿನದು ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ ಎಂಬ ಲೆಕ್ಕ. ಮೇಲ್ಚರ್ಮ ದಾಟಿದ ಮೇಲೆ ಆ ನಂಬಿಕೆಯನ್ನು ಬಿಡಬೇಕು. ಜೀವಕೋಶದ ಪೊರೆಗಳು, ಮೈಟೋಕಾಂಡ್ರಿಯ, ಕೊಲಾಜನ್ ಎಳೆಗಳು ಪ್ರತಿ ಹೆಜ್ಜೆಗೂ ಬೆಳಕಿನ ದಿಕ್ಕನ್ನು ತಿರುಗಿಸುತ್ತವೆ. ಕೆಂಪು ಬೆಳಕಿಗೆ ಮೃದು ಅಂಗಾಂಶದ ಒಂದು ಮಾದರಿ ಎಂದು ಈ ಅಂಕಿಗಳನ್ನು ಇಟ್ಟುಕೊಳ್ಳಬಹುದು: ಚದುರುವಿಕೆ ಪ್ರತಿ ಮಿಲಿಮೀಟರಿಗೆ 10, ಹೀರಿಕೆ ಪ್ರತಿ ಮಿಲಿಮೀಟರಿಗೆ 0.01. ಎಂದರೆ ಬೆಳಕಿನ ಕಣವಾದ ಫೋಟಾನ್ ಸರಾಸರಿ 0.1 ಮಿಲಿಮೀಟರಿಗೊಮ್ಮೆ ದಿಕ್ಕು ಬದಲಿಸುತ್ತದೆ, ಆದರೆ ಹೀರಿಕೊಳ್ಳಲ್ಪಡುವ ಮುನ್ನ ಸರಾಸರಿ 100 ಮಿಲಿಮೀಟರ್ ಅಲೆಯುತ್ತದೆ. ಸಾವಿರ ಬಾರಿ ಚದುರಿ ಒಮ್ಮೆ ಹೀರಿಕೆ.

ಪ್ರತಿ ಚದುರುವಿಕೆಯಲ್ಲೂ ಫೋಟಾನ್ ಹಿಂದಕ್ಕೆ ಹಾರುವುದಿಲ್ಲ. ಬಹುತೇಕ ಮುಂದಕ್ಕೇ, ಸ್ವಲ್ಪ ಓರೆಯಾಗಿ ಸಾಗುತ್ತದೆ. ಅನಂತ ಚತುರ್ದಶಿಯ ದಿನ ಗಣಪತಿ ವಿಸರ್ಜನೆಯ ನೂಕುನುಗ್ಗಲಿನಲ್ಲಿ ಪುಣೆಯ ಮಂಡಯಿಯಿಂದ ಲಕ್ಷ್ಮಿ ರಸ್ತೆ ಹಿಡಿದು ಅಲಕಾ ಚೌಕಕ್ಕೆ ಹೊರಟವನನ್ನು ನೆನೆಯಿರಿ. ಪ್ರತಿ ತಳ್ಳುವಿಕೆಯೂ ಅವನನ್ನು ಸ್ವಲ್ಪವೇ ಓರೆಯಾಗಿಸುತ್ತದೆ, ಆದರೆ ಹತ್ತಾರು ತಳ್ಳುವಿಕೆಯ ನಂತರ ಅವನು ಮೊದಲು ಯಾವ ಕಡೆಗೆ ಮುಖ ಮಾಡಿದ್ದ ಎಂಬುದೇ ಅಳಿಸಿಹೋಗಿರುತ್ತದೆ. ಅಂಗಾಂಶದಲ್ಲಿ ಈ ಮುನ್ನುಗ್ಗುವ ಗುಣವನ್ನು ಅಳೆಯುವ ಸಂಖ್ಯೆ ಸುಮಾರು 0.9. ಅದನ್ನು 1ರಿಂದ ಕಳೆದು ಚದುರುವಿಕೆಯಿಂದ ಗುಣಿಸಿದರೆ ಸಿಗುವುದು ಕುಗ್ಗಿದ ಚದುರುವಿಕೆ: 10ನ್ನು 0.1ರಿಂದ ಗುಣಿಸಿ, ಪ್ರತಿ ಮಿಲಿಮೀಟರಿಗೆ 1. ಒಂದು ಮಿಲಿಮೀಟರ್ ಹೋಗುವಷ್ಟರಲ್ಲಿ ಲೇಸರಿನ ನೇರ ಕಿರಣ ಎಂಬುದು ಉಳಿದಿರುವುದಿಲ್ಲ. ಈ ಕೋನಗಳ ಹಂಚಿಕೆಗೆ ಇಂದೂ ಬಳಸುವ ಸೂತ್ರವನ್ನು 1941ರಲ್ಲಿ ಹೆನ್ಯೆ ಮತ್ತು ಗ್ರೀನ್‌ಸ್ಟೈನ್ ಕೊಟ್ಟದ್ದು ನಕ್ಷತ್ರಗಳ ನಡುವಿನ ಧೂಳು ಬೆಳಕನ್ನು ಚದುರಿಸುವುದನ್ನು ವಿವರಿಸಲಿಕ್ಕೆ.

ಇದನ್ನು ಅಡುಗೆಮನೆಯಲ್ಲಿ ನೋಡಬಹುದು. ಚೌಕಾಕಾರದ ಪಾರದರ್ಶಕ ಡಬ್ಬಿಯಲ್ಲಿ ಒಂದು ಲೀಟರ್ ನೀರು ತುಂಬಿ, ಕೋಣೆಯ ದೀಪ ಆರಿಸಿ, ಕಡಿಮೆ ಸಾಮರ್ಥ್ಯದ ಕೆಂಪು ಲೇಸರ್ ಪಾಯಿಂಟರನ್ನು ಪಕ್ಕದಿಂದ ಹಾಯಿಸಿ. ಅಗ್ಗದ ಹಸಿರು ಪಾಯಿಂಟರುಗಳು ಚೀಟಿಯಲ್ಲಿ ಬರೆದದ್ದಕ್ಕಿಂತ ಎಷ್ಟೋ ಪ್ರಬಲವಾಗಿರಬಹುದು. ಒಂದು ಮಿಲಿವ್ಯಾಟಿಗಿಂತ ಕಡಿಮೆಯದನ್ನೇ ಬಳಸಿ, ಕಿರಣವನ್ನೂ ಅದರ ಪ್ರತಿಫಲನವನ್ನೂ ಕಣ್ಣಿನ ಮಟ್ಟಕ್ಕೆ ತರಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಶುದ್ಧ ನೀರಿನಲ್ಲಿ ಕಿರಣ ಹೆಚ್ಚುಕಡಿಮೆ ಕಾಣುವುದಿಲ್ಲ. ಕೆಲವು ಹನಿ ಹಾಲು ಬೆರೆಸಿದ ಕೂಡಲೇ ಕೆಂಪು ಗೆರೆ ಮೂಡುತ್ತದೆ. ಪುಣೆಯ ಮನೆಗಳಿಗೆ ಬರುವ ಚಿತಳೆ ಡೇರಿಯ ಹಸುವಿನ ಹಾಲಾದರೂ ಆದೀತು, ಎಮ್ಮೆಯ ಹಾಲಾದರೂ ಆದೀತು. ಎಮ್ಮೆ ಹಾಲಿನಲ್ಲಿ ಕೊಬ್ಬಿನ ಕಣ ಹೆಚ್ಚಿರುವುದರಿಂದ ಕಡಿಮೆ ಹಾಲಿಗೇ ಪರಿಣಾಮ ಕಾಣುತ್ತದೆ. ಚಮಚ ಚಮಚವಾಗಿ ಹಾಕುತ್ತಾ ಹೋದಂತೆ ಗೆರೆ ಗಿಡ್ಡವಾಗಿ, ಅಂಚು ಮಸುಕಾಗಿ, ಕೊನೆಗೆ ಕಿರಣ ಹೊಕ್ಕ ಜಾಗದಲ್ಲಿ ಒಂದು ಕೆಂಪು ಉಂಡೆಯಂತೆ ನಿಲ್ಲುತ್ತದೆ. ಆ ಉಂಡೆ ಪಕ್ಕಕ್ಕೂ ಲೇಸರ್ ಇರುವ ಕಡೆಗೂ ಹರಡಿರುವುದನ್ನು ಗಮನಿಸಿ.

ಈಗ ಬೀಟ್‌ರೂಟನ್ನು ತುರಿದು, ಹಿಂಡಿ, ಸೋಸಿದ ರಸವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಅದರ ಬಣ್ಣದ ವಸ್ತು 535 ನ್ಯಾನೊಮೀಟರಿನ ಸುತ್ತಮುತ್ತ ಬೆಳಕನ್ನು ಹೀರುತ್ತದೆ, ಹಿಮೋಗ್ಲೋಬಿನ್‌ನ ಹಸಿರು ಶಿಖರಕ್ಕೆ ತೀರ ಹತ್ತಿರ. ಕೆಂಪು ಉಂಡೆ ಹೆಚ್ಚು ಬದಲಾಗುವುದಿಲ್ಲ. ಅದೇ ಡಬ್ಬಿಗೆ ಹಸಿರು ಬೆಳಕು ಹಾಯಿಸಿದರೆ ಅದು ಗೋಡೆಗೆ ಅಂಟಿದ ಚಿಕ್ಕ ಚುಕ್ಕೆಯಾಗಿ ಕುಗ್ಗುತ್ತದೆ. ಹಾಲು ಚದುರಿಸುತ್ತದೆ, ಬೀಟ್‌ರೂಟ್ ಹೀರುತ್ತದೆ, ಎರಡೂ ಸೇರಿ ಆಳವನ್ನು ನಿರ್ಧರಿಸುತ್ತವೆ. ಪ್ರಯೋಗಾಲಯಗಳಲ್ಲಿ ಇದೇ ಕೆಲಸಕ್ಕೆ ಹಾಲಿನ ಬದಲು ರಕ್ತನಾಳಕ್ಕೆ ಕೊಡುವ ಸೋಯಾ ಕೊಬ್ಬಿನ ದ್ರಾವಣ ಇಂಟ್ರಾಲಿಪಿಡ್, ಬೀಟ್‌ರೂಟಿನ ಬದಲು ಕಪ್ಪು ಶಾಯಿ ಬಳಸುತ್ತಾರೆ. ಅವುಗಳ ಪ್ರಮಾಣವನ್ನು ಅಳೆದು ಬೆರೆಸಿ ಅಂಗಾಂಶದ ಗುಣಗಳನ್ನು ತರಬಹುದು.

ಹಂತ 6: ಆಳವನ್ನು ಲೆಕ್ಕ ಹಾಕಿ

ಇದು ಈ ಮಾರ್ಗದರ್ಶಿಯ ತಿರುಳು. ಹೀರಿಕೆಗೆ ಕುಗ್ಗಿದ ಚದುರುವಿಕೆಯನ್ನು ಕೂಡಿಸಿ, ಆ ಮೊತ್ತವನ್ನು ಹೀರಿಕೆಯಿಂದಲೂ 3ರಿಂದಲೂ ಗುಣಿಸಿ, ವರ್ಗಮೂಲ ತೆಗೆಯಿರಿ. ಬಂದದ್ದು ಪರಿಣಾಮಕಾರಿ ಕ್ಷೀಣತೆ. 1ನ್ನು ಅದರಿಂದ ಭಾಗಿಸಿದರೆ ಇಳಿಯುವ ಆಳ. ಪ್ರತಿ ಸಲ ಅಷ್ಟು ಆಳ ಇಳಿದಾಗಲೂ ಬೆಳಕು ಶೇ. 37ಕ್ಕೆ ಕುಗ್ಗುತ್ತದೆ.

ಕೆಂಪು ಬೆಳಕಿಗೆ ಮಾಡಿ ನೋಡೋಣ. 0.01 ಮತ್ತು 1 ಕೂಡಿದರೆ 1.01; 3, 0.01, 1.01 ಇವನ್ನು ಗುಣಿಸಿದರೆ 0.0303, ವರ್ಗಮೂಲ 0.174. ಆಳ 5.7 ಮಿಲಿಮೀಟರ್. ಹೀರಿಕೆಯೊಂದನ್ನೇ ನಂಬಿದ್ದರೆ ಆಳ 100 ಮಿಲಿಮೀಟರ್ ಎಂದಾಗುತ್ತಿತ್ತು. ಒಟ್ಟು ಹತ್ತು ಸೆಂಟಿಮೀಟರ್ ನಡೆದ ಫೋಟಾನ್ ಕೆಳಗೆ ಇಳಿದದ್ದು ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು! ಉಳಿದ ದಾರಿಯೆಲ್ಲ ಅಡ್ಡಾದಿಡ್ಡಿ ಅಲೆದಾಟ. ಬೇಕಾದ ಆಳವನ್ನು 0.174ರಿಂದ ಗುಣಿಸಿ, ನಾಲ್ಕನೇ ಹಂತದಂತೆ ಋಣ ಘಾತವಾಗಿ ‘ಇ’ಗೆ ಏರಿಸಿದರೆ ಉಳಿಯುವ ಪಾಲು ಸಿಗುತ್ತದೆ. ಹೀಗೆ 10 ಮಿಲಿಮೀಟರ್ ಆಳದಲ್ಲಿ ಶೇ. 17.5, 20 ಮಿಲಿಮೀಟರಿನಲ್ಲಿ ಶೇ. 3, 30 ಮಿಲಿಮೀಟರಿನಲ್ಲಿ ಶೇ. 0.5 ಉಳಿಯುತ್ತದೆ.

ಹಸಿರಿಗೆ ಹೀರಿಕೆ 0.3, ಕುಗ್ಗಿದ ಚದುರುವಿಕೆ 2.5 ಎಂದು ಇಟ್ಟರೆ, 3, 0.3, 2.8 ಗುಣಿಸಿ 2.52, ವರ್ಗಮೂಲ 1.59, ಆಳ 0.63 ಮಿಲಿಮೀಟರ್. ಎರಡು ಮಿಲಿಮೀಟರ್ ಕೆಳಗೆ ಉಳಿಯುವುದು ಶೇ. 4.

ಈ ಲೆಕ್ಕ ಮುಗಿದ ಮೇಲೆ ಮೂರು ಮಾತುಗಳನ್ನು ಗಮನದಲ್ಲಿಡಬೇಕು. ಹಿಂದಕ್ಕೆ ಚದುರಿ ಬಂದ ಬೆಳಕೂ ಸೇರುವುದರಿಂದ, ಅಗಲವಾದ ಕೆಂಪು ಕಿರಣಕ್ಕೆ ಮೇಲ್ಮೈಯ ಸ್ವಲ್ಪ ಕೆಳಗಿನ ತೀವ್ರತೆ ಹೊರಗಿನಿಂದ ಬಿದ್ದದ್ದಕ್ಕಿಂತ ಎರಡು ಪಟ್ಟಿಗೂ ಮೀರಿರುತ್ತದೆ. ಇದನ್ನು 3 ಪಟ್ಟು ಎಂದು ಹಿಡಿದರೆ, ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್ ಬೆಳಕು 10 ಮಿಲಿಮೀಟರ್ ಕೆಳಗೆ 100ರ 3 ಪಟ್ಟಿನ ಶೇ. 17.5, ಅಂದರೆ ಸುಮಾರು 52 ಮಿಲಿವ್ಯಾಟ್ ಆಗಿರುತ್ತದೆ. ಎರಡನೆಯದಾಗಿ, ಈ ಸೂತ್ರ ಕಿರಣದ ಅಗಲ ಇಳಿಯುವ ಆಳಕ್ಕಿಂತ ಹಲವು ಪಟ್ಟು ಇದ್ದಾಗ ಮಾತ್ರ ಸರಿ. ಸಣ್ಣ ಚುಕ್ಕೆಯ ಬೆಳಕು ಪಕ್ಕಕ್ಕೆ ಸೋರಿಹೋಗಿ ಬೇಗ ಕ್ಷೀಣಿಸುತ್ತದೆ. ಒಂದೇ ಡೋಸಿನಲ್ಲಿ 3 ಮಿಲಿಮೀಟರಿನ ಚುಕ್ಕೆಗಿಂತ 12 ಮಿಲಿಮೀಟರಿನ ಚುಕ್ಕೆ ಆಳಕ್ಕೆ ಹೆಚ್ಚು ಬೆಳಕು ತಲುಪಿಸುವುದು ಇದರಿಂದ. ಚುಕ್ಕೆ ದೊಡ್ಡದು ಮಾಡಿದವರು ಡೋಸ್ ಇಳಿಸಲು ಮರೆಯಬಾರದು. ಮೂರನೆಯದು, ಹೀರಿಕೆ ಚದುರುವಿಕೆಗಿಂತ ತುಂಬ ಕಡಿಮೆ ಇದ್ದಾಗ, ಮತ್ತು ಮೇಲ್ಮೈಯಿಂದ ಕನಿಷ್ಠ ಒಂದು ಮಿಲಿಮೀಟರ್ ಕೆಳಗೆ, ಈ ಸೂತ್ರ ನಂಬಿಕೆಗೆ ಅರ್ಹ. ರಕ್ತ ತುಂಬಿದ ಜಾಗದ ಹಸಿರು ಬೆಳಕಿಗೆ ಅದು ಒರಟು ಅಂದಾಜು ಮಾತ್ರ.

ಸಾಮರ್ಥ್ಯ ಹೆಚ್ಚಿಸಿದರೆ ಆಳ ಹೆಚ್ಚುತ್ತದೆ ಎಂದು ಅನೇಕರು ನಂಬುತ್ತಾರೆ. ಲೆಕ್ಕ ನೋಡಿ: ಸಾಮರ್ಥ್ಯವನ್ನು ಎರಡು ಪಟ್ಟು ಮಾಡಿದರೆ ಅದೇ ತೀವ್ರತೆ ಸಿಗುವ ಆಳ 5.7ರ 0.69 (2ರ ಸಹಜ ಲಾಗರಿದಮ್) ಪಾಲು, ಎಂದರೆ 4 ಮಿಲಿಮೀಟರ್ ಮಾತ್ರ ಕೆಳಗೆ ಸರಿಯುತ್ತದೆ. ಹಸಿರಿನಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಆದರೆ ಮೇಲ್ಚರ್ಮದ ಶಾಖ ಪೂರ್ತಿ ಎರಡು ಪಟ್ಟಾಗುತ್ತದೆ.

ಅಂಗಾಂಶದ ಗುಣಗಳು ಮನುಷ್ಯನಿಂದ ಮನುಷ್ಯನಿಗೆ, ಅದೇ ಮನುಷ್ಯನ ಕೆನ್ನೆಯಿಂದ ಅಂಗಾಲಿಗೆ ಬದಲಾಗುವುದರಿಂದ ಒಂದೇ ಉತ್ತರ ಬರೆಯಬೇಡಿ. ಕೆಂಪಿನ ಹೀರಿಕೆಯನ್ನು 0.02ಕ್ಕೆ ಏರಿಸಿ ಮತ್ತೆ ಲೆಕ್ಕ ಹಾಕಿ: ಆಳ 4 ಮಿಲಿಮೀಟರಿಗೆ ಇಳಿಯುತ್ತದೆ, 10 ಮಿಲಿಮೀಟರಿನಲ್ಲಿ ಉಳಿಯುವುದು ಶೇ. 8.4. ‘ಶೇ. 8ರಿಂದ 18ರ ನಡುವೆ’ ಎಂದು ಬರೆಯುವುದೇ ಪ್ರಾಮಾಣಿಕ ಉತ್ತರ.

ಹಂತ 7: ಹೀರಿದ ಬೆಳಕು ಏನಾಗುತ್ತದೆ

ಶಾಖ ಬೇಕಾದ ಚಿಕಿತ್ಸೆಯಲ್ಲಿ ಆ ಆಳದ ಡೋಸನ್ನು ಆ ವಸ್ತುವಿನ ಹೀರಿಕೆಯಿಂದ ಗುಣಿಸಿ, ಘನ ಸೆಂಟಿಮೀಟರ್ ಅಂಗಾಂಶವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಸುಮಾರು 3.7 ಜೂಲಿನಿಂದ ಭಾಗಿಸಿ. ಇಲ್ಲಿ ಎಲ್ಲವೂ ಸೆಂಟಿಮೀಟರಿನಲ್ಲಿರಲಿ. 532 ನ್ಯಾನೊಮೀಟರಿನಲ್ಲಿ ರಕ್ತದ ಹೀರಿಕೆ ಪ್ರತಿ ಸೆಂಟಿಮೀಟರಿಗೆ ಸುಮಾರು 235. ಸ್ಥಳದಲ್ಲಿ 1 ಜೂಲ್ ಡೋಸ್ ಇದ್ದರೆ ರಕ್ತ 63 ಡಿಗ್ರಿ ಬಿಸಿಯಾಗುತ್ತದೆ. ಪ್ರತಿ ಸೆಂಟಿಮೀಟರಿಗೆ 3ರಷ್ಟೇ ಹೀರುವ ಸುತ್ತಲಿನ ಒಳಚರ್ಮ ಒಂದು ಡಿಗ್ರಿಯಷ್ಟೂ ಏರುವುದಿಲ್ಲ. ಆದರೆ ಈ ವ್ಯತ್ಯಾಸ ಉಳಿಯಬೇಕಾದರೆ ಶಾಖ ನಾಳದಿಂದ ಹೊರಗೆ ಹರಿಯುವ ಮೊದಲೇ ಬೆಳಕಿನ ಮಿಡಿತ ಮುಗಿಯಬೇಕು. ನಾಳದ ವ್ಯಾಸದ ವರ್ಗವನ್ನು 16ರಿಂದಲೂ, ಚದರ ಮಿಲಿಮೀಟರಿನಲ್ಲಿ ಪ್ರತಿ ಸೆಕೆಂಡಿಗೆ 0.13 ಎಂಬ ಶಾಖ ಹರಡುವಿಕೆಯಿಂದಲೂ ಭಾಗಿಸಿದರೆ ಆ ಕಾಲ ಸಿಗುತ್ತದೆ, 0.1 ಮಿಲಿಮೀಟರಿನ ನಾಳಕ್ಕೆ ಸುಮಾರು 5 ಮಿಲಿಸೆಕೆಂಡ್, 0.05ರದ್ದಕ್ಕೆ 1.2. ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಈ ತತ್ತ್ವವನ್ನು ಮುಂದಿಟ್ಟರು, ಚರ್ಮದ ಲೇಸರ್ ಚಿಕಿತ್ಸೆ ಇಂದಿಗೂ ಅದರ ಮೇಲೆ ನಿಂತಿದೆ.

ರಾಸಾಯನಿಕ ಬದಲಾವಣೆ ಬೇಕಾದಲ್ಲಿ ಅವಸರ ಸಲ್ಲದು. ಔಷಧವನ್ನು ಬೆಳಕಿನಿಂದ ಚುರುಕುಗೊಳಿಸಿ ಗಡ್ಡೆಯ ಕೋಶಗಳನ್ನು ಕೊಲ್ಲುವ ಚಿಕಿತ್ಸೆಯಲ್ಲಿ ಸುಮಾರು 630 ನ್ಯಾನೊಮೀಟರಿನ ಕೆಂಪು ಬೆಳಕನ್ನು ಬಳಸುವುದುಂಟು. ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟಿನಂತೆ 100 ಜೂಲ್ ಕೊಡಲು 1000 ಸೆಕೆಂಡ್ ಹಿಡಿಯುತ್ತದೆ. ಬೆಳಕನ್ನು ಇನ್ನೂ ಪ್ರಖರವಾಗಿಸಿ ಬೇಗ ಮುಗಿಸಲು ಹೊರಟರೆ ಅಂಗಾಂಶದ ಆಮ್ಲಜನಕ ತೀರಿಹೋಗಿ ಪರಿಣಾಮವೇ ಕುಂದುತ್ತದೆ.

ಹಂತ 8: ಒಂದು ಚಿಕಿತ್ಸೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ

ಪುಣೆಯ ಹಿಂಜವಡಿ, ವಾಕಡ್ ಕಡೆಯ ಕನ್ನಡದ ಮನೆಗಳಲ್ಲಿ ಮಗು ಹುಟ್ಟಿದ ಮೂರನೆಯ ದಿನ ಕಾಮಾಲೆ ಎಂದು ನೀಲಿ ದೀಪದ ಕೆಳಗೆ ಇಟ್ಟಾಗ, ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅಜ್ಜಿ ‘ಎಳೆಬಿಸಿಲಿಗೆ ಹಿಡಿದರೆ ಸಾಲದೇನು ಡಾಕ್ಟರೇ?’ ಎಂದು ಕೇಳುವುದು ಸಹಜ. ಪ್ರಶ್ನೆಗೆ ಚರಿತ್ರೆಯ ಬೆಂಬಲವೂ ಇದೆ. 1956ರಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಶಿಶುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದ ಸಿಸ್ಟರ್ ಜೀನ್ ವಾರ್ಡ್, ಬಟ್ಟೆ ಮುಚ್ಚಿದ ಜಾಗ ಮಾತ್ರ ಹಳದಿಯಾಗಿ ಉಳಿದದ್ದನ್ನು ಗಮನಿಸಿದ್ದೇ ಈ ಚಿಕಿತ್ಸೆಯ ಮೂಲ. 1958ರಲ್ಲಿ ಕ್ರೆಮರ್ ಮತ್ತು ಸಂಗಡಿಗರು ದೀಪದ ಚಿಕಿತ್ಸೆಯನ್ನು ಪ್ರಕಟಿಸಿದರು. ಆದರೆ ಬಿಸಿಲಿನಲ್ಲಿ ನೀಲಿಯ ಜೊತೆ ಅತಿನೇರಳೆಯೂ ಅವಕೆಂಪೂ ಇವೆ, ಡೋಸನ್ನು ಅಳೆದು ನಿಲ್ಲಿಸಲು ಬರುವುದಿಲ್ಲ, ಮಗುವಿನ ಮೈ ಕಾಯಬಹುದು ಅಥವಾ ತಣ್ಣಗಾಗಬಹುದು.

ನಮ್ಮ ಹಂತಗಳನ್ನು ಇಲ್ಲಿ ಹಚ್ಚೋಣ. ಬಿಲಿರುಬಿನ್ ಅತಿ ಹೆಚ್ಚು ಹೀರುವುದು 460ರ ಸುತ್ತ. ಚರ್ಮದಲ್ಲಿ ಸ್ವಲ್ಪ ಉದ್ದದ ತರಂಗ ಆಳಕ್ಕೆ ಇಳಿಯುವುದರಿಂದ 460ರಿಂದ 490 ನ್ಯಾನೊಮೀಟರಿನ ನೀಲಿ ಬೆಳಕು ಸೂಕ್ತ. ಅದರಿಂದ ಬಿಲಿರುಬಿನ್ ಅಣುವಿನ ಆಕಾರ ಬದಲಾಗಿ, ಪಿತ್ತ ಮತ್ತು ಮೂತ್ರದ ಮೂಲಕ ಹೊರಹೋಗಲು ಬರುತ್ತದೆ. ತೀವ್ರ ಚಿಕಿತ್ಸೆಗೆ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೊಮೀಟರಿಗೆ ಕನಿಷ್ಠ 30 ಮೈಕ್ರೊವ್ಯಾಟ್ ಬೇಕು. 30 ನ್ಯಾನೊಮೀಟರಿನ ಪಟ್ಟಿಗೆ ಇದು 0.9 ಮಿಲಿವ್ಯಾಟ್, ಇಡೀ ದಿನಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 78 ಜೂಲ್. ತೀವ್ರತೆ ಚಿಕ್ಕದು, ಕಾಲ ದೀರ್ಘ. ನೀಲಿ ಬೆಳಕು ಒಂದು ಮಿಲಿಮೀಟರ್ ಕೂಡ ಸರಿಯಾಗಿ ಇಳಿಯದ ಕಾರಣ ಆಳದಿಂದ ಲಾಭ ಪಡೆಯಲು ಬರುವುದಿಲ್ಲ. ಲಾಭ ಸಿಗುವುದು ವಿಸ್ತೀರ್ಣದಿಂದ. ಆದ್ದರಿಂದ ಮಗುವಿನ ಕಣ್ಣು ಮುಚ್ಚಿ, ಡಯಪರ್ ಚಿಕ್ಕದಾಗಿ ಕಟ್ಟಿ, ಉಳಿದ ಮೈ ಬಯಲಾಗಿರಿಸುವುದು. ಟೊಪ್ಪಿಗೆ, ಕಾಲುಚೀಲ, ಹೊದಿಕೆ ಎಂದು ಮನೆಯವರು ಅಕ್ಕರೆಯಿಂದ ತೊಡಿಸಿದ ಪ್ರತಿಯೊಂದೂ ಚಿಕಿತ್ಸೆಯ ಪಾಲನ್ನು ಕಡಿಮೆ ಮಾಡುತ್ತದೆ. ದಾದಿಯರು ಇದನ್ನು ಮರಾಠಿಯಲ್ಲಿ ಹೇಳಿದಾಗ ಅಜ್ಜಿಗೆ ಅರ್ಥವಾಗದಿದ್ದರೆ, ಅಲ್ಲಿರುವ ಕನ್ನಡದ ನರ್ಸ್ ಒಂದು ನಿಮಿಷ ಕೂತು ತಿಳಿಹೇಳಬೇಕು. ದೀಪದ ತೀವ್ರತೆಯನ್ನು ಮೀಟರಿನಿಂದ ನಡುವೆ ಮಾತ್ರವಲ್ಲ, ಮಗುವಿನ ತಲೆ ಮತ್ತು ಪಾದ ಬರುವ ತುದಿಗಳಲ್ಲೂ ಅಳೆಯಬೇಕು. ಅಂಚಿನಲ್ಲಿ ಅದು ತುಂಬ ಇಳಿದಿರಬಹುದು. ಬೆಳಕು ಬಿದ್ದ ಚರ್ಮ ಮೊದಲು ತಿಳಿಯಾಗುವುದರಿಂದ, ಚಿಕಿತ್ಸೆ ನಡೆಯುವಾಗ ಕಣ್ಣಂದಾಜನ್ನಾಗಲೀ ಚರ್ಮದ ಮೇಲಿಟ್ಟು ಅಳೆಯುವ ಉಪಕರಣವನ್ನಾಗಲೀ ನಂಬದೆ ರಕ್ತ ಪರೀಕ್ಷೆಯನ್ನೇ ಆಧರಿಸುತ್ತಾರೆ.

ಹಂತ 9: ಕಂಪ್ಯೂಟರಿನಲ್ಲಿ ಫೋಟಾನುಗಳನ್ನು ನಡೆಸಿ

ಪದರಗಳು ಹೆಚ್ಚಿದ್ದರೆ, ಚುಕ್ಕೆ ಚಿಕ್ಕದಿದ್ದರೆ, ಹೀರಿಕೆ ಜಾಸ್ತಿಯಿದ್ದರೆ ಆರನೇ ಹಂತದ ಸೂತ್ರ ಕೈಕೊಡುತ್ತದೆ. ಆಗ ಯಾದೃಚ್ಛಿಕ ಸಂಖ್ಯೆಗಳ ಮೂಲಕ ಒಂದೊಂದು ಫೋಟಾನಿನ ದಾರಿಯನ್ನು ಅನುಕರಿಸುವ ಮಾಂಟೆ ಕಾರ್ಲೊ ವಿಧಾನ ಬೇಕು. ಅಂಗಾಂಶದ ಬೆಳಕಿಗೆ ಇದನ್ನು ವಿಲ್ಸನ್ ಮತ್ತು ಆಡಮ್ 1983ರಲ್ಲಿ ಅಳವಡಿಸಿದರು; ಪದರ ಪದರದ ಅಂಗಾಂಶಕ್ಕೆ ವಾಂಗ್, ಜಾಕ್ಸ್, ಝೆಂಗ್ 1995ರಲ್ಲಿ ಪ್ರಕಟಿಸಿದ ಪ್ರೋಗ್ರಾಂ ಇಂದಿಗೂ ಬಳಕೆಯಲ್ಲಿದೆ. ಅದನ್ನು ಇಳಿಸಿಕೊಂಡು ಓಡಿಸುವ ಮೊದಲು ಸರಳವಾದದ್ದೊಂದನ್ನು ಸ್ವಂತ ಬರೆಯಿರಿ. ಪೈಥಾನಿನಲ್ಲಿ ಐವತ್ತು ಸಾಲು ಮೀರುವುದಿಲ್ಲ.

ಪ್ರತಿ ಫೋಟಾನಿಗೂ 1 ಎಂಬ ತೂಕ ಕೊಟ್ಟು ಮೇಲ್ಮೈಯಿಂದ ನೇರ ಕೆಳಗೆ ಹೊರಡಿಸಿ. 0 ಮತ್ತು 1ರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆ ತೆಗೆದು, ಅದರ ಸಹಜ ಲಾಗರಿದಮ್ಮಿನ ಋಣವನ್ನು ಹೀರಿಕೆ ಮತ್ತು ಕುಗ್ಗಿದ ಚದುರುವಿಕೆಯ ಮೊತ್ತ 1.01ರಿಂದ ಭಾಗಿಸಿದರೆ ಮುಂದಿನ ಹೆಜ್ಜೆಯ ಉದ್ದ ಸಿಗುತ್ತದೆ. ಸಂಖ್ಯೆ 0.5 ಬಂದರೆ ಹೆಜ್ಜೆ 0.69 ಮಿಲಿಮೀಟರ್, 0.1 ಬಂದರೆ 2.28. ಹೆಜ್ಜೆಯ ಕೊನೆಯಲ್ಲಿ ತೂಕದ 0.01ನ್ನು 1.01ರಿಂದ ಭಾಗಿಸಿದಷ್ಟು ಪಾಲನ್ನು ಆ ಆಳದ ಖಾನೆಗೆ ಜಮೆ ಮಾಡಿ, ಉಳಿದ ತೂಕದೊಂದಿಗೆ ಫೋಟಾನನ್ನು ಯಾವುದಾದರೂ ದಿಕ್ಕಿಗೆ ತಿರುಗಿಸಿ. ಕುಗ್ಗಿದ ಚದುರುವಿಕೆಯನ್ನು ಬಳಸುತ್ತಿರುವುದರಿಂದ ಎಲ್ಲ ದಿಕ್ಕಿಗೂ ಸಮಾನ ಅವಕಾಶ ಕೊಟ್ಟರೆ ಸಾಕು: ಕೋನದ ಕೊಸೈನ್ ಎಂದರೆ ಯಾದೃಚ್ಛಿಕ ಸಂಖ್ಯೆಯ ಇಮ್ಮಡಿಯಿಂದ 1ನ್ನು ಕಳೆದದ್ದು. ಮೇಲ್ಮೈಗೆ ಮರಳಿ ಬಂದ ಫೋಟಾನ್ ಲಂಬದಿಂದ 45.6 ಡಿಗ್ರಿಗಿಂತ ಓರೆಯಾಗಿದ್ದರೆ ಪೂರ್ತಿ ಒಳಕ್ಕೆ ಪ್ರತಿಫಲಿಸುತ್ತದೆ. ಅದಕ್ಕಿಂತ ನೇರವಾಗಿದ್ದರೆ ಹೊರಗೆ ಬಿಟ್ಟುಬಿಡಿ. ತೂಕ 0.0001ಕ್ಕಿಂತ ಇಳಿದಾಗ ಹತ್ತರಲ್ಲಿ ಒಂದು ಅವಕಾಶ ಕೊಟ್ಟು, ಗೆದ್ದರೆ ತೂಕವನ್ನು ಹತ್ತು ಪಟ್ಟು ಮಾಡಿ, ಸೋತರೆ ಅಲ್ಲಿಗೆ ಮುಗಿಸಿ. ಒಟ್ಟು ಶಕ್ತಿಯ ಲೆಕ್ಕ ತಪ್ಪದೆ ಸಮಯ ಉಳಿಯುತ್ತದೆ.

ಒಂದು ಲಕ್ಷ ಫೋಟಾನು ಓಡಿಸಿದ ಮೇಲೆ ಮೊದಲು ಹೀರಿದ ತೂಕವನ್ನೂ ಹೊರಹೋದ ತೂಕವನ್ನೂ ಕೂಡಿಸಿ. ಮೊತ್ತ ಒಂದು ಲಕ್ಷದ ತೀರ ಸಮೀಪ ಬರದಿದ್ದರೆ ಎಲ್ಲಿಯೋ ಬೆಳಕು ಕಳೆದುಹೋಗಿದೆ ಅಥವಾ ಹುಟ್ಟಿಕೊಂಡಿದೆ. ಸಾಮಾನ್ಯವಾಗಿ ಮೇಲ್ಮೈಯ ಪ್ರತಿಫಲನದ ಸಾಲಿನಲ್ಲಿ ದೋಷ ಸಿಗುತ್ತದೆ. ನಂತರ ಪ್ರತಿ ಆಳದ ಖಾನೆಯ ಸಹಜ ಲಾಗರಿದಮ್ಮನ್ನು ಆಳದ ಎದುರು ಗ್ರಾಫಿನಲ್ಲಿ ಬರೆಯಿರಿ. ಮೇಲಿನ ಎರಡು ಮೂರು ಮಿಲಿಮೀಟರ್ ಬಿಟ್ಟು ಕೆಳಗೆ ಅದು ನೇರ ಗೆರೆಯಾಗಿ, ಪ್ರತಿ ಮಿಲಿಮೀಟರಿಗೆ 0.174ರಂತೆ ಇಳಿಯಬೇಕು, ಇದು ಆರನೇ ಹಂತದಲ್ಲಿ ಕೈಯಿಂದ ಪಡೆದ ಸಂಖ್ಯೆಯೇ. ಇಳಿಜಾರು 1.74 ಎಂದು ಬಂದರೆ ಗಾಬರಿ ಬೇಡ, ಹೀರಿಕೆ, ಚದುರುವಿಕೆ ಎರಡನ್ನೂ ಮಿಲಿಮೀಟರಿನ ಬದಲು ಸೆಂಟಿಮೀಟರಿನಲ್ಲಿ ಹಾಕಿರುತ್ತೀರಿ. ಗೆರೆ ಸರಿಹೊಂದಿದ ಮೇಲೆ ಮೇಲ್ಚರ್ಮದ ಪದರ ಸೇರಿಸಿ, ಮೆಲನಿನ್ ಶೇ. 12 ಮತ್ತು ಶೇ. 30 ಎಂದು ಎರಡು ಬಾರಿ ಓಡಿಸಿ. ಚದುರಿದ ಬೆಳಕು ಆ ಪದರವನ್ನು ಓರೆಯಾಗಿಯೂ ಮತ್ತೆ ಮತ್ತೆಯೂ ಹಾಯುವುದರಿಂದ ಅಲ್ಲಿನ ಹೀರಿಕೆ ನಾಲ್ಕನೇ ಹಂತದ ಸರಳ ಲೆಕ್ಕಕ್ಕಿಂತ ಹೆಚ್ಚಾಗಿ ಬರುತ್ತದೆ, ಮತ್ತು ಡೋಸನ್ನು ತೂಗಿನೋಡುವಾಗ ಬಳಸಬೇಕಾದದ್ದು ಆ ಹೆಚ್ಚಿನ ಸಂಖ್ಯೆಯನ್ನೇ.